ಗೌಟೆ ತೆಗೆದ ಎರಡು ಫೋಟೋ

ನನ್ನ ಅಣ್ಣ ಹಿಲ್ಮಾರನ ಅಳಿಯ ಗೌಟೆ ಬೇಸಿಗೆ ರಜೆಗೆ ನಮ್ಮ ದ್ವೀಪಕ್ಕೆ ಬಂದನೆಂದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಕಾರು ಸಾಗಿಸುವ ಲಾಂಚಿನಿಂದ ಇಳಿದು ನಮ್ಮ ಮನೆ ಮುಟ್ಟಲು ಬೇರೆಯವರಿಗೆ ಹತ್ತು ನಿಮಿಷ ಸಾಕು, ಈ ಪುಣ್ಯಾತ್ಮನಿಗೆ ಒಂದು ಗಂಟೆ ಬೇಕು. ತಿರುವು ಬಂದಲ್ಲೆಲ್ಲ ಕಾರು ನಿಲ್ಲಿಸಬೇಕು, ಇಳಿಯಬೇಕು, ಸೊಂಟಕ್ಕೆ ಕೈ ಕೊಟ್ಟು ನಿಂತು ಬೆಟ್ಟ ನೋಡಬೇಕು. ಹಿಂದಿನಿಂದ ಹಾಲಿನ ಲಾರಿಯವನು ಹಾರ್ನ್ ಹೊಡೆದರೆ ಅವನಿಗೂ ನಗುತ್ತಾ ಕೈ ಬೀಸುವುದು. ತನ್ನೂರಿನಲ್ಲಿ ಇವನದು ಜನರಿಗೆ ಕಾರು ಓಡಿಸಲು ಕಲಿಸುವ ಕೆಲಸ ಬೇರೆ! ಇವನ ಕೈಯಲ್ಲಿ ಕಲಿತವರ ಗತಿ ಏನಮ್ಮ ಎಂದು ಆ ಲಾರಿಯವನು ನನ್ನನ್ನು ಎಷ್ಟು ಸಲ ಕೇಳಿದ್ದಾನೋ.

ನಮ್ಮದು ನಾರ್ವೆಯ ಉತ್ತರ, ಗೌಟೆ ದಕ್ಷಿಣದ ಒಳನಾಡಿನವನು. ಅವನೂರಿನಲ್ಲಿ ಕಾಡು ಬಿಟ್ಟರೆ ಕಾಡು. ಕಡಲಿನ ವಾಸನೆಯೂ ಇಲ್ಲ. ಹಿಲ್ಮಾರನ ಮಗಳು ಮಾರಿತ್ ಓದಲು ಹೋದವಳು ಇವನನ್ನು ಕಟ್ಟಿಕೊಂಡು ಬಂದಳು. ಮೊದಲ ಬೇಸಿಗೆಯಲ್ಲಿ ನಮ್ಮ ಅಂಗಳದಲ್ಲಿ ನಿಂತು ಕಡಲು ನೋಡಿ ಬಾಯಿ ತೆರೆದವನು ಆಮೇಲೆ ಅದನ್ನು ಮುಚ್ಚಲೇ ಇಲ್ಲ. "ಅತ್ತೆ, ನೀವು ದಿನಾ ಇದನ್ನ ನೋಡ್ತೀರಲ್ಲ!" ಎನ್ನುವನು. ನಾನು ದಿನಾ ನೋಡುತ್ತಿದ್ದದ್ದು ಒಣಹಾಕಿದ ಬಟ್ಟೆ ಗಾಳಿಗೆ ಹಾರಿಹೋಯಿತೇ ಎಂದು ಮಾತ್ರ. ಬೆಟ್ಟ ಎಲ್ಲಿ ಹೋಗುತ್ತದೆ, ಅಲ್ಲೇ ಬಿದ್ದಿರುತ್ತದೆ.

ಊಟಕ್ಕೆ ಕೂತರೂ ಇದೇ ಕಥೆ. ನಾವು ತಿನ್ನುವಾಗ ಮಾತಾಡುವ ಜನವಲ್ಲ. ರುಚಿ ಕೆಟ್ಟಿದ್ದರೆ ಹೇಳುತ್ತೇವೆ, ಚೆನ್ನಾಗಿದ್ದರೆ ಸುಮ್ಮನೆ ಇನ್ನೊಂದು ತುಂಡು ಬಡಿಸಿಕೊಳ್ಳುತ್ತೇವೆ. ಗೌಟೆ ಮಾತ್ರ ಬೇಯಿಸಿದ ಮೀನು, ಹೊಸ ಆಲೂಗಡ್ಡೆ, ಮೇಲೆ ಕರಗಿದ ಬೆಣ್ಣೆ ಇಷ್ಟಕ್ಕೇ ಕಣ್ಣು ಮುಚ್ಚಿ "ಆಹಾ" ಎಂದು ಎಳೆಯುತ್ತಿದ್ದ. ನನ್ನ ವಾಫಲ್ ಮೇಲೆ ಕಂದು ಚೀಸ್ ಇಟ್ಟುಕೊಂಡು ತಿನ್ನುವಾಗಂತೂ ಅವನು ಹೊರಡಿಸುತ್ತಿದ್ದ ಸದ್ದು ಕೇಳಿ ಹಿಲ್ಮಾರ್ ಎದ್ದು ಹೊರಗೆ ಹೋಗುತ್ತಿದ್ದ. ಪ್ರತಿ ತಟ್ಟೆಗೂ ಮೊದಲು ಫೋಟೋ, ಆಮೇಲೆ ಫೋರ್ಕು.

"ಮೀನು ತಣ್ಣಗಾಗ್ತಿದೆ ಕಣಯ್ಯ, ಅದಕ್ಕೇನು ಮದುವೆಗೆ ಗಂಡು ನೋಡ್ತೀಯಾ?" ಎಂದು ಹಿಲ್ಮಾರ್ ಗದರಿದರೆ, "ಒಂದೇ ನಿಮಿಷ ಮಾವ, ಕಿಟಕಿಯ ಬೆಳಕು ಚೆನ್ನಾಗಿದೆ" ಎನ್ನುವನು.

ನಗುತ್ತಿದ್ದೆವು, ನಿಜ. ಆದರೆ ಸುಳ್ಳೇಕೆ ಹೇಳಲಿ, ಅವನು ಹೊರಟು ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ನಾನು ಮಾಡಿದ ಅಡುಗೆಯನ್ನು ನನ್ನ ಗಂಡ ಬದುಕಿದ್ದಷ್ಟು ಕಾಲ ಒಮ್ಮೆಯೂ ಹೊಗಳಿರಲಿಲ್ಲ.

ಗೌಟೆಗೆ ಒಂದೇ ಒಂದು ಆಸೆ ಇತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. ಹಿಲ್ಮಾರ್ ತನ್ನನ್ನು ಮನೆಯವನೆಂದು ಒಪ್ಪಬೇಕು. ಅವನಿಗೆ ಚಿಕ್ಕಂದಿನಲ್ಲೇ ತಂದೆ ತೀರಿಕೊಂಡಿದ್ದರು. ಹಿಲ್ಮಾರನ ಹಿಂದೆ ಹಿಂದೆ ದೋಣಿ, ಬಲೆ ಇಡುವ ದೋಣಿಮನೆಗೆ ಹೋಗುವನು, ಬಲೆ ಹಿಡಿಯುವನು, ಹಗ್ಗದ ಗಂಟು ಹಾಕಲು ಕಲಿಯುವನು, ತಪ್ಪು ಹಾಕುವನು. ಹಿಲ್ಮಾರ್ ಬೈಯುತ್ತಿರಲಿಲ್ಲ, ಗಂಟು ಬಿಚ್ಚಿ ತಾನೇ ಮತ್ತೆ ಹಾಕುತ್ತಿದ್ದ. ಬೈದಿದ್ದರೇ ವಾಸಿಯಿತ್ತು.

ಒಪ್ಪಿಕೊಂಡದ್ದಕ್ಕೆ ನಮ್ಮಲ್ಲಿ ಗುರುತು ಒಂದೇ, ಅದು ಮುಲ್ಟೆ ಹಣ್ಣಿನ ಜಾಗ ಹೇಳುವುದು. ಗುಡ್ಡದ ಮೇಲಿನ ಜೌಗಿನಲ್ಲಿ, ಒಂದು ದಂಟಿಗೆ ಒಂದೇ ಒಂದು ಹಣ್ಣು. ಕಾಯಾಗಿದ್ದಾಗ ಕೆಂಪು, ಕಲ್ಲಿನಂತೆ ಗಟ್ಟಿ. ಮಾಗಿದಾಗ ಹೊಂಬಣ್ಣ, ಮುಟ್ಟಿದರೆ ಕರಗುತ್ತದೆ. ಒಂದು ವಾರ ಇರುತ್ತದೆ, ಮುಗಿಯಿತು. ಗುಡ್ಡ ಯಾರಪ್ಪನದೂ ಅಲ್ಲ, ಕಂಡವರು ಕೀಳಬಹುದು. ಆದ್ದರಿಂದ ಯಾರಿಗೂ ಕಾಣಿಸಬಾರದು. ಹಣ್ಣಿಗೆ ಹೊರಟವರು ಬಕೆಟ್ಟನ್ನು ಬೆನ್ನುಚೀಲದೊಳಗೆ ಅಡಗಿಸಿ, ಕೈಯಲ್ಲಿ ಸುಮ್ಮನೆ ಗಾಳದ ಕೋಲು ಹಿಡಿದು ಹೋಗುತ್ತಾರೆ. ಹೋದ ದಾರಿಯಲ್ಲಿ ವಾಪಸು ಬರುವುದಿಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ "ಅಲ್ಲೇ ಎಲ್ಲೋ" ಎನ್ನುತ್ತಾರೆ, ಇಲ್ಲವೇ "ಈ ಸಲ ಏನೂ ಸಿಗಲಿಲ್ಲ" ಎನ್ನುತ್ತಾರೆ, ಗಲ್ಲದ ಮೇಲೆ ಹಣ್ಣಿನ ರಸ ಇನ್ನೂ ಒಣಗಿರುವುದಿಲ್ಲ. ಈ ಒಂದು ವಿಷಯದಲ್ಲಿ ಸುಳ್ಳು ಪಾಪವಲ್ಲ. ನಮ್ಮ ಪಾದ್ರಿಯೂ ಈ ಸುಳ್ಳು ಹೇಳುತ್ತಾರೆ, ಅದೂ ಭಾನುವಾರ.

ನಮ್ಮ ಮನೆಯ ಜಾಗ ಹಿಲ್ಮಾರನೊಬ್ಬನಿಗೆ ಗೊತ್ತಿತ್ತು. ಅಪ್ಪ ಅವನಿಗೆ ಹೇಳಿದ್ದರು, ನನಗೆ ಹೇಳಲಿಲ್ಲ. ಹೆಣ್ಣು, ನಾಳೆ ಗಂಡನ ಮನೆಗೆ ಹೋಗಿ ಬಾಯಿಬಿಡುತ್ತಾಳೆ ಅಂತ. ನಾನು ಹೋದದ್ದು ಪಕ್ಕದ ಮನೆಗೆ! ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಕೊಲ್ಲಿಯ ಎದುರು ದಡದ ಮೀನುಗಾರ ಓಲುಫ್ ನಲವತ್ತು ವರ್ಷದಿಂದ ಹಿಲ್ಮಾರನ ಹಿಂದೆ ಬಿದ್ದಿದ್ದ, ದುರ್ಬೀನು ಹಿಡಿದುಕೊಂಡು ಗುಡ್ಡ ನೋಡುತ್ತಿದ್ದ. ಹಿಲ್ಮಾರ್ ಮಂಜು ಕವಿದ ದಿನ ನೋಡಿಕೊಂಡೇ ಹೊರಡುತ್ತಿದ್ದ.

ಇನ್ನು ಗೌಟೆಯೋ! ಮೊದಲ ವರ್ಷ ಅಂಗಡಿಯಲ್ಲಿ ಯಾರೋ "ಎಲ್ಲಿ ಹೊರಟೆ?" ಎಂದದ್ದಕ್ಕೆ, "ಮುಲ್ಟೆ ಹುಡುಕೋಕೆ, ಕೆರೆಯ ಹಿಂದುಗಡೆ ಹೋಗೋಣ ಅಂತಿದೀನಿ" ಎಂದು ನಿಜ ಹೇಳಿಬಿಟ್ಟಿದ್ದ. ಅಂಗಡಿಯೇ ಸ್ತಬ್ಧವಾಯಿತಂತೆ. ಆ ಮಾತು ಹಿಲ್ಮಾರನ ಕಿವಿಗೆ ಬಿತ್ತು, ಹನ್ನೆರಡು ಬೇಸಿಗೆ ಅಲ್ಲೇ ಕೂತಿತ್ತು.

ಹನ್ನೆರಡನೆಯ ವರ್ಷದ ವಸಂತದಲ್ಲಿ ಹಿಲ್ಮಾರ್ ದೋಣಿಕಟ್ಟೆಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ. ಆಪರೇಷನ್ ಆಯಿತು, ನಾಲ್ಕು ಗಾಲಿಯ ನಡೆಗೋಲು ಬಂತು, ಗುಡ್ಡ ಹತ್ತುವುದು ಅಲ್ಲಿಗೆ ಮುಗಿಯಿತು. ಆಗಸ್ಟ್‌ನಲ್ಲಿ ಅವನಿಗೆ ಎಂಬತ್ತು ತುಂಬುವುದಿತ್ತು. ಹುಟ್ಟುಹಬ್ಬಕ್ಕೆ ಅವನು ಕೇಕು ತಿಂದವನಲ್ಲ. ನಮ್ಮಮ್ಮನ ನೀಲಿ ಬಟ್ಟಲಿನಲ್ಲಿ ಮುಲ್ಟೆ ಹಣ್ಣು, ಕಡೆದ ಕೆನೆ, ಅಷ್ಟೇ. ಹಣ್ಣು ತರುವವರು ಯಾರು? ಮಾರಿತ್‌ಗೆ ಜೌಗಿನ ಸೊಳ್ಳೆ ಕಂಡರಾಗದು. ನನ್ನ ಮಂಡಿ ನನ್ನ ಮಾತು ಕೇಳುವುದಿಲ್ಲ.

ಆಗಸ್ಟ್ ಶುರುವಾದಾಗ ಒಂದು ಬೆಳಿಗ್ಗೆ ನಾವು ಮೂವರು ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಹಿಲ್ಮಾರ್ ನನ್ನ ಕಡೆ ತಿರುಗಿ, "ಹೆರ್ದಿಸ್, ಹೋಗಿ ಕುರಿ ಬೇಲಿ ಹಾರಿದಾವಾ ನೋಡ್ಕೊಂಡು ಬಾ" ಎಂದ.

"ನೀನು ಕುರಿ ಮಾರಿ ಎಷ್ಟು ವರ್ಷ ಆಯ್ತೋ?"

"ಹಾಗಾದ್ರೆ ಮಾರಿದ್ದು ಸರಿಹೋಯ್ತಾ ಅಂತ ನೋಡ್ಕೊಂಡು ಬಾ."

ನನಗೆ ಗೊತ್ತಾಗಿಹೋಯಿತು. ಎದ್ದು ಹೊರಗೆ ಹೋದೆ, ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದೆ. ಕಿಟಕಿಯಿಂದ ಕಂಡಿತು: ಹಿಲ್ಮಾರ್ ಮೇಜಿನ ಮೇಣದ ಬಟ್ಟೆಯ ಮೇಲೆ ಬೆರಳಿನಲ್ಲಿ ಏನೋ ಗೀಚಿ ತೋರಿಸುತ್ತಿದ್ದಾನೆ, ಗೌಟೆ ಉಸಿರು ಬಿಗಿಹಿಡಿದು ನೋಡುತ್ತಿದ್ದಾನೆ. ಹೊರಗೆ ಬಂದಾಗ ಅವನ ಕಣ್ಣಲ್ಲಿ ನೀರಿತ್ತು. ಪಾಪ ಎನಿಸಿತು, ಹೊಟ್ಟೆಯೂ ಉರಿಯಿತು.

"ಹೇಳು ನೋಡೋಣ, ಎಲ್ಲಿ?" ಎಂದು ಕೆಣಕಿದೆ.

"ಅಲ್ಲೇ ಎಲ್ಲೋ, ಅತ್ತೆ" ಎಂದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನು ನಮ್ಮವರ ಹಾಗೆ ಮಾತಾಡಿದ್ದು. ಹೇಳಿ ತಾನೇ ಕೆಂಪಗಾದ.

ಮರುದಿನ ಗೌಟೆ ಹಣ್ಣಿನ ಹದ ನೋಡಿ ಬರಲು ಹೊರಟ. ಕೈಯಲ್ಲಿ ಗಾಳದ ಕೋಲು, ಚೀಲದಲ್ಲಿ ನಾನು ಕೊಟ್ಟ ವಾಫಲ್, ಫ್ಲಾಸ್ಕಿನಲ್ಲಿ ಕಾಫಿ, ಪುಟ್ಟ ಡಬ್ಬಿಯಲ್ಲಿ ಕೆನೆ, ಒಂದು ಮರದ ಬಟ್ಟಲು. ಆ ದಿನ ಮಂಜಿರಲಿಲ್ಲ, ಆಕಾಶ ತೊಳೆದಿಟ್ಟ ಹಾಗಿತ್ತು. ಮಧ್ಯಾಹ್ನ ಕಳೆದು ಹಿಂದಿರುಗಿದವನು ಬಾಗಿಲಲ್ಲೇ ನಿಂತು, "ಮಾವ, ಇನ್ನೊಂದು ವಾರ ಬೇಕು. ಒಂದು ಮೂಲೆ ಮಾತ್ರ ಮಾಗಿದೆ, ಉಳಿದದ್ದೆಲ್ಲ ಕೆಂಪು. ಆದ್ರೆ ಎಷ್ಟು ಬಿಟ್ಟಿದೆ ಗೊತ್ತಾ! ಕಾಲಿಡೋಕೆ ಜಾಗ ಇಲ್ಲ" ಎಂದ.

"ಕೂಗ್ಬೇಡ" ಎಂದ ಹಿಲ್ಮಾರ್. ಆದರೆ ಮುಖದಲ್ಲಿ ನಗು ಇತ್ತು. ಆ ವಾರವೆಲ್ಲ ಅವರಿಬ್ಬರೂ ಕಣ್ಣಲ್ಲೇ ಮಾತಾಡಿಕೊಂಡರು. ಗೌಟೆ ಹಾಕಿದ ಗಂಟನ್ನು ಹಿಲ್ಮಾರ್ ಬಿಚ್ಚದೆ ಹಾಗೇ ಬಿಟ್ಟದ್ದನ್ನು ನಾನೇ ನೋಡಿದೆ.

ವಾರ ತುಂಬುವ ಹೊತ್ತಿಗೆ, ಹುಟ್ಟುಹಬ್ಬಕ್ಕೆ ಎರಡು ದಿನ ಮುಂಚೆ, ನಾನೂ ಗೌಟೆಯೂ ಅಂಗಡಿಗೆ ಕೆನೆ ತರಲು ಹೋದೆವು. ಕಾಫಿ ಯಂತ್ರದ ಹತ್ತಿರದ ಬೆಂಚಿನಲ್ಲಿ ಯಾವಾಗಲೂ ಕೂರುವ ಮುದುಕರು ಕೂತಿದ್ದರು. ಗೌಟೆಯನ್ನು ನೋಡಿ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡರು.

"ಫೋಟೋ ಬಹಳ ಚೆನ್ನಾಗಿ ಬಂದಿದೆ ಕಣೋ ಗೌಟೆ" ಎಂದಳು ಅಂಗಡಿಯ ರಾಂಡಿ.

"ಅಲ್ವಾ? ಥ್ಯಾಂಕ್ಸ್!" ಎಂದ ಇವನು, ಹಿಗ್ಗಿ ಹೀರೇಕಾಯಿಯಾಗಿ.

"ಬಟ್ಟಲು ಒಂಚೂರು ಎಡಕ್ಕೆ ಹಿಡಿದಿದ್ರೆ ದೀಪಸ್ತಂಭ ಪೂರ್ತಿ ಕಾಣ್ತಿತ್ತು" ಎಂದ ಬೆಂಚಿನ ಮುದುಕನೊಬ್ಬ. ಎಲ್ಲರೂ ಖೊಳ್ಳೆಂದು ನಕ್ಕರು. ಗೌಟೆಯೂ ನಕ್ಕ. ರಾಂಡಿ ಮಾತ್ರ ನಗದೆ ಕೆನೆಯ ಪೊಟ್ಟಣವನ್ನು ಎರಡೆರಡು ಸಲ ಒರೆಸಿದಳು.

ಹೊರಗೆ ಬಂದ ಮೇಲೆ, "ಯಾವ ಫೋಟೋನೋ ಅದು? ತೋರ್ಸು" ಎಂದೆ. ನನ್ನದು ಮಾತಾಡಲಿಕ್ಕಷ್ಟೇ ಬರುವ ಫೋನು.

ಅವನು ಹೆಮ್ಮೆಯಿಂದ ತೋರಿಸಿದ. ಎರಡು ಫೋಟೋ. ಒಂದರಲ್ಲಿ ಮುಂದೆ ಅಂಗೈಯಲ್ಲಿ ಹಿಡಿದ ಮರದ ಬಟ್ಟಲು, ಅದರ ತುಂಬ ಹೊಂಬಣ್ಣದ ಹಣ್ಣು, ಕೆನೆ. ಹಿಂದೆ ದೂರದ ಕಡಲು. ಇನ್ನೊಂದರಲ್ಲಿ ಬಂಡೆಯ ಮೇಲೆ ನನ್ನ ವಾಫಲ್, ಕಾಫಿ ಲೋಟ. ಹಿಂದೆ ಕೆಳಗಿನ ಊರು. ತನ್ನೂರಿನ ಗೆಳೆಯರು ನೋಡಲೆಂದು ಇಂಟರ್‌ನೆಟ್ಟಿಗೆ ಹಾಕಿದ್ದನಂತೆ. ಕೆಳಗೆ ಬರೆದಿದ್ದ: "ಸ್ವರ್ಗ ಇಲ್ಲಿದೆ. ಎಲ್ಲಿ ಅಂತ ಮಾತ್ರ ಕೇಳಬೇಡಿ!"

ನಾನು ಮೀನುಗಾರನ ಮಗಳು. ಕಡಲಿನಲ್ಲಿ ಮೀನು ಸಿಗುವ ಜಾಗಕ್ಕೆ ಬೋರ್ಡು ಹಾಕಿರುವುದಿಲ್ಲ. ಈ ಬೆಟ್ಟದ ತುದಿ ಆ ಬಂಡೆಯ ನೆತ್ತಿಗೆ ಸರಿಯಾಗಿ ಬರಬೇಕು, ಅದು ಒಂದು ಗೆರೆ. ಆ ಚರ್ಚಿನ ಗೋಪುರ ಈ ಕಣಿವೆಯ ಸಂದಿಗೆ ಬರಬೇಕು, ಅದು ಇನ್ನೊಂದು. ಎರಡು ಗೆರೆ ಕೂಡುವಲ್ಲಿ ಬಲೆ ಬಿಡಬೇಕು. ನಮ್ಮ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಇದು ಬರುತ್ತದೆ. ಗೌಟೆಯ ಮೊದಲ ಫೋಟೋದಲ್ಲಿ ನಾವು ಮುದುಕಿ ಎಂದು ಕರೆಯುವ ಬೆಟ್ಟದ ಮೂಗು ದೀಪಸ್ತಂಭದ ನೆತ್ತಿಯ ಮೇಲೆ ಕೂತಿತ್ತು. ಎರಡನೆಯದರಲ್ಲಿ ಚರ್ಚಿನ ಗೋಪುರ ಓಲುಫನ ಕೆಂಪು ದೋಣಿಮನೆಯ ಮೇಲೆ ನಿಂತಿತ್ತು. ಒಂದೇ ಫೋಟೋ ಆಗಿದ್ದರೆ ಬಚಾವಾಗುತ್ತಿದ್ದ.

ನನಗೂ ತಕ್ಷಣ ಗೊತ್ತಾಯಿತು. ಹುಟ್ಟಿದಾಗಿನಿಂದ ನನಗೆ ಬಚ್ಚಿಟ್ಟಿದ್ದ ಜಾಗ ಅಂಗಡಿಯ ಮೆಟ್ಟಿಲ ಮೇಲೆ, ಕೆನೆಯ ಪೊಟ್ಟಣ ಹಿಡಿದು ನಿಂತಾಗ ಗೊತ್ತಾಯಿತು. ಒಂದು ಕ್ಷಣ ಖುಷಿಯಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಆಮೇಲೆ ಅವನ ಮುಖ ನೋಡಿದೆ.

"ಗೌಟೆ, ಎಂಥ ಕೆಲಸ ಮಾಡಿದ್ಯೋ ಮಾರಾಯ" ಎಂದೆ. ಬೆರಳಿಟ್ಟು ತೋರಿಸಿದೆ: ಮೂಗು, ದೀಪಸ್ತಂಭ, ಗೋಪುರ, ದೋಣಿಮನೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಫೋನನ್ನು ಜೇಬಿಗೆ ಹಾಕಲು ಹೋಗಿ ಎರಡು ಸಲ ಕೆಳಗೆ ಬೀಳಿಸಿದ. "ಯಾರಿಗೂ ಜಾಗ ಹೇಳ್ಲಿಲ್ಲ ಅತ್ತೆ. ಕೇಳ್ಬೇಡಿ ಅಂತ ಬರೆದಿದೀನಲ್ಲ" ಎಂದ.

"ಕೇಳೋ ಅಗತ್ಯವೇ ಇಲ್ಲದ ಹಾಗೆ ಮಾಡಿದ್ಯಲ್ಲೋ."

ಅಲ್ಲಿಂದಲೇ ಗುಡ್ಡಕ್ಕೆ ಓಡಿದ. ಗಾಳದ ಕೋಲಿಲ್ಲ, ಬಳಸುದಾರಿಯಿಲ್ಲ, ಊರೆಲ್ಲ ನೋಡುತ್ತಿರುವಾಗಲೇ ನೇರ ಹತ್ತಿದ. ಇಳಿದು ಬಂದಾಗ ಮೊಣಕಾಲವರೆಗೆ ಕೆಸರು. ನಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ಬೂಟು ಬಿಚ್ಚಲಾರದೆ, "ಬರೀ ಎಲೆ. ಒಂದು ಹಣ್ಣೂ ಇಲ್ಲ. ಎಲೆ ಮಾತ್ರ" ಎಂದ. ಮಾರಿತ್ ಅಡುಗೆಮನೆಯಿಂದ ಹೊರಗೆ ಬಂದಳು. ವಿಷಯ ಕೇಳಿ ಗಂಡನ ತಲೆ ಮೇಲೆ ಕೈ ಇಟ್ಟಳು, ಬೈಯಲಿಲ್ಲ.

"ಅಪ್ಪನಿಗೆ ಹೇಳ್ಬಿಡೋಣ" ಎಂದಳು.

"ಬೇಡ. ಎಂಬತ್ತು ತುಂಬೋ ದಿನ ಬೇಡ. ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದ ಗೌಟೆ.

"ಹಾಗಾದ್ರೆ ಹಣ್ಣು ಎಲ್ಲಿಂದಾದ್ರೂ ತಂದು, ನಮ್ಮ ಜಾಗದ್ದೇ ಅಂತ ಹೇಳು. ಮುಲ್ಟೆ ವಿಷ್ಯದಲ್ಲಿ ಇಲ್ಲಿ ಯಾರು ಸುಳ್ಳು ಹೇಳಲ್ಲ?"

ಎಲ್ಲಿಂದಾದರೂ ಎಂದರೆ ಇನ್ನೆಲ್ಲಿಂದ? ಓಲುಫನ ಮನೆಯಿಂದಲೇ. ಒಬ್ಬನೇ ಹೋಗುವ ಧೈರ್ಯ ಅವನಿಗಿರಲಿಲ್ಲ, ನಾನು ಜೊತೆಗೆ ಹೋದೆ. ಓಲುಫ್ ಕೆಂಪು ದೋಣಿಮನೆಯ ಮುಂದೆ ಮೀನು ಸೀಳುತ್ತಾ ನಿಂತಿದ್ದ. ಗೌಟೆಯನ್ನು ಕಂಡು ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಅಪ್ಪಿಕೊಳ್ಳುವವನ ಹಾಗೆ ಮುಂದೆ ಬಂದ.

"ಬಾರಯ್ಯ ಬಾ! ನಲವತ್ತು ವರ್ಷ! ನಲವತ್ತು ವರ್ಷ ಆ ಮುದಿಯನ ಹಿಂದೆ ನಾಯಿ ಹಾಗೆ ಅಲೆದಿದೀನಿ. ಒಂದ್ಸಲ ಕೆರೆಗೆ ಬಿದ್ದೆ, ಒಂದ್ಸಲ ಕಾಲು ಮುರ್ಕೊಂಡೆ. ನೀನು ಬಟ್ಟಲು ಹಿಡಿದು ಕೂತಲ್ಲೇ ತೋರಿಸ್ಬಿಟ್ಟೆ."

ಗೌಟೆ ನೆಲ ನೋಡುತ್ತಾ, "ಓಲುಫ್, ಒಂದು ಬಟ್ಟಲಿನಷ್ಟು ಬೇಕಿತ್ತು. ಮಾವನಿಗೆ" ಎಂದ.

ಓಲುಫನ ನಗು ಅಲ್ಲಿಗೇ ನಿಂತಿತು. ನನ್ನ ಕಡೆ ನೋಡಿದ. ನಾನು ಕಡಲ ಕಡೆ ನೋಡಿದೆ. ಅವನು ಒಳಗೆ ಹೋಗಿ, ಇರುವುದರಲ್ಲೇ ದೊಡ್ಡ ಹಣ್ಣು ಆರಿಸಿ ಒಂದು ಡಬ್ಬಿ ತುಂಬಿಸಿಕೊಂಡು ಬಂದ. ಗೌಟೆ ಜೇಬಿಗೆ ಕೈ ಹಾಕಿದ್ದು ನೋಡಿ, "ಥೂ, ಅವಮಾನ ಮಾಡ್ಬೇಡ" ಎಂದ. ಆಮೇಲೆ ದನಿ ತಗ್ಗಿಸಿ, "ನಾನು ಕಳ್ಳತನ ಮಾಡ್ಲಿಲ್ಲ ಹೆರ್ದಿಸ್. ಗುಡ್ಡ ಎಲ್ಲರದ್ದು. ಆದ್ರೂ... ಹಿಲ್ಮಾರನಿಗೆ ನನ್ನ ಹೆಸರು ಹೇಳ್ಬೇಡಿ" ಎಂದ. ಅವನು ನಕ್ಕು ಅಣಕಿಸಿದ್ದರೆ ಗೌಟೆ ತಡೆದುಕೊಳ್ಳುತ್ತಿದ್ದ. ಹೀಗೆ ಒಳ್ಳೆಯವನಾಗಿಬಿಟ್ಟದ್ದನ್ನು ತಡೆಯಲಾಗಲಿಲ್ಲ. ದಾರಿಯುದ್ದಕ್ಕೂ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಡೆದ. ಅವತ್ತು ಸಂಜೆಯ ಕಡಲು ಹೇಗಿತ್ತೆಂದು ಕೇಳಿದರೆ ಅವನಿಗೆ ಗೊತ್ತಿರಲಿಕ್ಕಿಲ್ಲ.

ಹುಟ್ಟುಹಬ್ಬದ ದಿನ ಹಿಲ್ಮಾರ್ ಗಡ್ಡ ಹೆರೆದು, ಬಿಳಿ ಅಂಗಿ ಹಾಕಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ಮಾರಿತ್ ಆ ನೀಲಿ ಬಟ್ಟಲು ತಂದಿಟ್ಟಳು. ನಾನು ಒಲೆಯ ಹತ್ತಿರ ವಾಫಲ್ ಹುಯ್ಯುತ್ತಿದ್ದೆ. ಹಿಲ್ಮಾರ್ ಒಂದು ಚಮಚ ಬಾಯಿಗಿಟ್ಟು, ನಾಲಿಗೆಯ ಮೇಲೆ ಬೀಜ ಆಡಿಸಿ, ತಲೆದೂಗಿದ.

"ಈ ವರ್ಷ ಸಿಹಿ ಜಾಸ್ತಿ. ಪಡುವಣದ ಅಂಚಲ್ಲೂ ಬಿಟ್ಟಿತ್ತಾ?"

"ಬಿಟ್ಟಿತ್ತು, ಮಾವ" ಎಂದ ಗೌಟೆ. ಕಿವಿ ಕಾದ ಕಬ್ಬಿಣದಂತಾಗಿತ್ತು.

"ಮೇಲಿಂದ ಇಳಿವಾಗ ಯಾರಾದ್ರೂ ಕಂಡ್ರಾ?"

"ಇಲ್ಲ."

ಹಿಲ್ಮಾರ್ ಇನ್ನೊಂದು ಚಮಚ ತಿಂದ. ಆಮೇಲೆ ಚಮಚ ಕೆಳಗಿಟ್ಟು, ಅಳಿಯನ ಮೊಣಕಾಲ ಮೇಲೆ ಕೈ ಇಟ್ಟ. ನಮ್ಮ ಮನೆಯಲ್ಲಿ ಹಾಗೆ ಯಾರೂ ಯಾರ ಮೇಲೂ ಕೈ ಇಡುವುದಿಲ್ಲ. ಹೆಂಡತಿ ಸತ್ತ ದಿನವೂ ಅವನು ನನ್ನ ಕೈ ಹಿಡಿದವನಲ್ಲ.

"ನೋಡಯ್ಯ, ನಿನ್ನನ್ನ ಹನ್ನೆರಡು ವರ್ಷ ದೂರ ಇಟ್ಟೆ. ದಕ್ಷಿಣದವನ ಬಾಯಿ ನಿಲ್ಲಲ್ಲ ಅಂತ ಊರೆಲ್ಲ ಹೇಳಿತ್ತು, ನಾನೂ ನಂಬಿದ್ದೆ. ತಪ್ಪಾಯ್ತು. ನೀನು ನಿಲ್ಲಿಸಿ ತೋರಿಸ್ದೆ." ಕಿಟಕಿಯಾಚೆಯ ಗುಡ್ಡದ ಕಡೆ ತಿರುಗಿದ. "ಅದೊಂದೇ ಅಲ್ಲ. ಇನ್ನೊಂದು ಜಾಗ ಇದೆ. ನಮ್ಮಮ್ಮಂದು. ನಮ್ಮಪ್ಪನಿಗೂ ಅದು ಗೊತ್ತಿರ್ಲಿಲ್ಲ. ಅಮ್ಮ ಸಾಯೋಕೆ ಮುಂಚೆ ನನ್ನ ಕಿವೀಲಿ ಹೇಳಿದ್ಲು. ಎಂಥ ಬರ ಬಂದ ವರ್ಷವೂ ಅಲ್ಲಿ ಹಣ್ಣು ತಪ್ಪಲ್ಲ. ಹೆರ್ದಿಸ್, ನೀನು ಹೋಗಿ ಕುರಿ..."

"ನಾನೆಲ್ಲೂ ಹೋಗಲ್ಲ" ಎಂದೆ. ಹಿಟ್ಟಿನ ಸೌಟು ಹಿಡಿದುಕೊಂಡೇ ಮೇಜಿನ ಹತ್ತಿರ ಬಂದೆ. ನಮ್ಮಮ್ಮನ ಜಾಗ! ಅಂಥದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಹಿಲ್ಮಾರ್ ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟ. "ಆಯ್ತು, ಇರು. ನಿಂಗೂ ಕೇಳೋ ಹಕ್ಕಿದೆ. ನಾಳೆ ನಾನು ಇರ್ತೀನೋ ಇಲ್ವೋ. ಗೌಟೆ, ಸರಿಯಾಗಿ ಕೇಳಿಸ್ಕೋ. ದೋಣಿಮನೆ ದಾಟಿ..."

"ಬೇಡ ಮಾವ" ಎಂದ ಗೌಟೆ.

"ಏನು ಬೇಡ?"

"ಹೇಳ್ಬೇಡಿ. ನಂಗೆ ಹೇಳ್ಬೇಡಿ."

ಅಯ್ಯೋ, ಆ ಕ್ಷಣದಲ್ಲಿ ಸೌಟಿನಿಂದ ಅವನ ತಲೆಗೆ ಬಾರಿಸುವಷ್ಟು ಕೋಪ ಬಂತು ನನಗೆ. ಒಂದು ನಿಮಿಷ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಅವನು ಕೂತಿರಲಿಲ್ಲ, ಎದ್ದು ನಿಂತಿದ್ದ. ಕೈಕಟ್ಟಿ ನಿಂತ ಶಾಲೆಯ ಹುಡುಗನಂತಿದ್ದ, ಐವತ್ತು ದಾಟಿದ ಗಂಡಸು. ಎಲ್ಲ ಹೇಳಿದ. ಫೋಟೋ ಹೇಳಿದ, ಅಂಗಡಿಯ ನಗು ಹೇಳಿದ, ಬರೀ ಎಲೆ ಹೇಳಿದ. "ನೀವು ತಿಂತಿರೋದು ಓಲುಫ್ ಕೊಟ್ಟ ಹಣ್ಣು. ನಾನು ಈಗ ತಾನೇ ನಿಮಗೆ ಸುಳ್ಳು ಹೇಳ್ದೆ" ಎಂದ. ಓಲುಫನ ಹೆಸರು ಹೇಳಬಾರದಿತ್ತು, ಅದನ್ನೂ ಹೇಳಿಬಿಟ್ಟ. ಅವನಿಗೆ ಮುಚ್ಚಿಡುವುದು ಗೊತ್ತೇ ಇಲ್ಲ, ಏನು ಮಾಡುವುದು?

ವಾಫಲ್ ಸೀಯುವ ವಾಸನೆ ಬಂತು, ನಾನು ಕದಲಲಿಲ್ಲ.

"ತೋರ್ಸು" ಎಂದ ಹಿಲ್ಮಾರ್.

ಗೌಟೆ ಫೋನು ಕೊಟ್ಟ. ಹಿಲ್ಮಾರ್ ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು, ಮೊದಲನೆಯದನ್ನು ನೋಡಿದ, ಎರಡನೆಯದನ್ನು ನೋಡಿದ, ಮತ್ತೆ ಮೊದಲನೆಯದಕ್ಕೆ ಬಂದ. ಬೈಯುತ್ತಾನೆ ಎಂದು ಕಾದೆವು. ಬೈದರೆ ಸಾಕಪ್ಪ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಇಷ್ಟು ಚೆನ್ನಾಗಿ ಕಾಣುತ್ತಾ ಅಲ್ಲಿಂದ?" ಎಂದ.

ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಅರವತ್ತು ವರ್ಷ ಹೋಗಿದೀನಿ ಅಲ್ಲಿಗೆ. ಮಂಜಲ್ಲೇ ಹೋದೆ, ಬಗ್ಗಿಯೇ ಇದ್ದೆ. ಯಾರಾದ್ರೂ ಬಂದಾರಾ ಅಂತ ಹಿಂದೆ ತಿರುಗಿ ನೋಡ್ದೆ ಹೊರತು, ತಲೆ ಎತ್ತಿ ಮುಂದೆ ನೋಡ್ಲಿಲ್ಲ. ಅಲ್ಲೇ ಕೂತು ತಿನ್ನೋದು ನಂಗೆ ಹೊಳೀಲೂ ಇಲ್ಲ." ಫೋನನ್ನು ವಾಪಸು ಕೊಟ್ಟ. "ಒಳ್ಳೇ ಫೋಟೋ ಕಣಯ್ಯ."

ಆಮೇಲೆ ಚಮಚ ತೆಗೆದುಕೊಂಡು ಬಟ್ಟಲಲ್ಲಿ ಉಳಿದದ್ದನ್ನು ತಿಂದ, ತಳದ ಕೆನೆಯನ್ನೂ ಬಳಿದ. ನಾಳೆ ಗಾಳಿ ತಿರುಗಬಹುದು ಎಂದ. ಮಾರಿತ್ ಹೂಂ ಎಂದಳು. ಸೀದ ವಾಫಲ್ಲನ್ನೇ ನಾಲ್ವರೂ ತಿಂದೆವು. ದೋಣಿಮನೆ ದಾಟಿ ಎಂಬಲ್ಲಿಗೆ ನಿಂತ ಮಾತನ್ನು ಅವನು ಮುಂದುವರಿಸಲಿಲ್ಲ, ನಾವು ಕೇಳಲಿಲ್ಲ. ಅವನು ಸಿಟ್ಟಾಗಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಗೌಟೆಯ ಜೊತೆ ಮೊದಲಿಗಿಂತ ಮೃದುವಾಗಿಯೇ ಇದ್ದ. ಆದರೆ ಗೌಟೆ ಹಾಕಿದ ಹಗ್ಗದ ಗಂಟನ್ನು ಮತ್ತೆ ಬಿಚ್ಚಿ ತಾನೇ ಹಾಕತೊಡಗಿದ.

ಒಮ್ಮೆ ನಾನು ನಾಚಿಕೆ ಬಿಟ್ಟು ಕೇಳಿದೆ. "ನಂಗಾದ್ರೂ ಹೇಳೋ, ಅವಳು ನಂಗೂ ಅಮ್ಮನೇ."

"ನಿಂಗೆ ಹೇಳಿದ್ರೆ ಪಾಪ ಅಂತ ಅವನಿಗೆ ಹೇಳ್ಬಿಡ್ತೀಯ" ಎಂದ. ಹೌದು, ಹೇಳುತ್ತಿದ್ದೆ.

ಚಳಿಗಾಲ ಕಳೆದು ಈಸ್ಟರ್ ಬರುವಷ್ಟರಲ್ಲಿ ಹಿಲ್ಮಾರ್ ಹಾಸಿಗೆ ಹಿಡಿದಿದ್ದ. ಗೌಟೆ ರಜೆ ಹಾಕಿ ಬಂದು ಪಕ್ಕದಲ್ಲೇ ಕೂತ. ಕಿತ್ತಳೆ ಸುಲಿದು ತೊಳೆ ತೊಳೆಯಾಗಿ ಅವನ ಬಾಯಿಗಿಡುತ್ತಿದ್ದ. ಹಿಲ್ಮಾರ್ ಎಲ್ಲ ಹೇಳಿದ: ದೋಣಿ ಯಾರಿಗೆ ಒಪ್ಪಿಸಬೇಕು, ಯಾವ ಬಲೆ ಹರಿದಿದೆ, ಒಲೆಯ ಹೊಗೆಕೊಳವೆಯ ಮಸಿ ಯಾವಾಗ ತೆಗೆಯಬೇಕು. ಪ್ರತಿ ಸಲ ಅವನು ಬಾಯಿ ತೆರೆದಾಗಲೂ ಗೌಟೆ ಮುಂದೆ ಬಾಗುತ್ತಿದ್ದ, ನಾನೂ ಬಾಗುತ್ತಿದ್ದೆ. ಆ ಒಂದು ಮಾತು ಬರಲಿಲ್ಲ. ಕೊನೆಯ ದಿನ ಗೌಟೆಯ ಕೈ ಹಿಡಿದುಕೊಂಡೇ ಹೋದ, ಬಾಯಿ ಮುಚ್ಚಿತ್ತು.

ಗೌಟೆ ಈಗಲೂ ಪ್ರತಿ ಆಗಸ್ಟ್‌ನಲ್ಲಿ ಬರುತ್ತಾನೆ. ತಿರುವಿನಲ್ಲಿ ಕಾರು ನಿಲ್ಲಿಸುವುದಿಲ್ಲ, ಹಾಲಿನ ಲಾರಿಯವನಿಗೆ ಅದೇ ಬೇಜಾರು. ನಾನು ಇಟ್ಟದ್ದನ್ನು ಸುಮ್ಮನೆ ತಿಂದು ಇನ್ನೊಂದು ತುಂಡು ಬಡಿಸಿಕೊಳ್ಳುತ್ತಾನೆ. ಮಂಜು ಕವಿದ ದಿನ ಬೆನ್ನುಚೀಲ ಏರಿಸಿ, ಗಾಳದ ಕೋಲು ಹಿಡಿದು, ದೋಣಿಮನೆ ದಾಟಿ ಹೊರಡುತ್ತಾನೆ. ಒಂದು ದಿನ ಬಡಗಣಕ್ಕೆ, ಇನ್ನೊಂದು ದಿನ ಮೂಡಣಕ್ಕೆ. ಹೋದ ವರ್ಷ ಅವನು ಇಳಿದು ಬರುವಾಗ ನಾನು ಅಂಗಡಿಯಲ್ಲಿದ್ದೆ.

"ಎಷ್ಟು ಸಿಕ್ತೋ ಗೌಟೆ?" ಎಂದು ಬೆಂಚಿನಿಂದ ಓಲುಫ್ ಕೂಗಿದ.

"ಏನೂ ಸಿಗಲಿಲ್ಲ" ಎಂದ ಗೌಟೆ.

ಬೆಂಚಿಗೆ ಬೆಂಚೇ ಹೋ ಎಂದು ನಕ್ಕಿತು. "ಅಂತೂ ಕಲಿತ ನೋಡ್ರಪ್ಪ! ಈಗ ನಮ್ಮವನಾದ!" ಎಂದು ಓಲುಫ್ ಅವನ ಬೆನ್ನು ತಟ್ಟಿದ. ಗೌಟೆಯೂ ಸ್ವಲ್ಪ ನಕ್ಕ. ಅವನ ಬಕೆಟ್ಟನ್ನು ಆ ಸಂಜೆ ತೊಳೆಯಲು ತೆಗೆದುಕೊಂಡವಳು ನಾನೇ. ಅದು ಬೆಳಿಗ್ಗೆ ನಾನು ಕೊಟ್ಟಾಗ ಹೇಗಿತ್ತೋ ಹಾಗೇ, ಹಣ್ಣಿನ ಒಂದು ಕಲೆಯೂ ಇಲ್ಲದೆ ಒಣಗಿತ್ತು.